ಬಳೆಗಾರ್ತಿ ಅಕ್ಕನ ಹಾಡಿನ ಪೆಟ್ಟಿಗೆ

ಬಳೆ ತೊಡಿಸುವ ಮೊದಲು ಅಕ್ಕ ಎದುರಿಗೆ ಕೂತವರ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ಅದಕ್ಕೆ ಅವಳು ಭಾರ ನೋಡುವುದು ಎನ್ನುತ್ತಿದ್ದಳು. ಕೈ ಹಗುರವಾಗಿದ್ದರೆ ಆ ಹೆಂಗಸು ಹೆದರಿದ್ದಾಳೆ, ತನ್ನ ಕೈಯನ್ನು ತಾನೇ ಎತ್ತಿ ಹಿಡಿದಿದ್ದಾಳೆ ಎಂದು ಅರ್ಥ. ಭಾರವಾಗಿದ್ದರೆ ಕೊಟ್ಟುಬಿಟ್ಟಿದ್ದಾಳೆ ಎಂದು. ಎತ್ತಿ ಹಿಡಿದ ಕೈಗೆ ಗಾಜಿನ ಬಳೆ ಏರುವುದಿಲ್ಲ, ಹೆಬ್ಬೆರಳಿನ ಗಂಟಿನ ಹತ್ತಿರ ಚಟ್ ಅನ್ನುತ್ತದೆ.

"ಅಮ್ಮಾ, ಕೈ ನನ್ನ ಹತ್ರ ಬಿಡಿ. ನಾನೇನು ಇಟ್ಕೊಳ್ಳುದಿಲ್ಲ, ವಾಪಸ್ ಕೊಡ್ತೇನೆ," ಎಂದು ನಗಿಸುತ್ತಿದ್ದಳು. ಅಷ್ಟಕ್ಕೂ ಕೈ ಭಾರವಾಗದಿದ್ದರೆ ಪೆಟ್ಟಿಗೆ ತೆಗೆಯುತ್ತಿದ್ದಳು.

ಪೆಟ್ಟಿಗೆ ಎಂದರೆ ಕೈಯಲ್ಲಿ ಹಿಡಿದು ಹೋಗುವ ಗ್ರಾಮಾಫೋನು. ಚಿತ್ರಗಳಲ್ಲಿ ಕಾಣುವ ಹಿತ್ತಾಳೆ ಕಹಳೆಯದಲ್ಲ. ಮುಚ್ಚಿದ್ದರೆ ಸಣ್ಣ ಸೂಟ್‌ಕೇಸಿನ ಹಾಗೆ, ಕಪ್ಪು ಬಟ್ಟೆ ಅಂಟಿಸಿದ್ದು, ಮೂಲೆಗಳಿಗೆ ಬಿಳಿ ತಗಡಿನ ಪಟ್ಟಿ. ಮುಚ್ಚಳ ಎತ್ತಿದರೆ ಹಸಿರು ಬಟ್ಟೆ ಹೊದ್ದ ತಿರುಗುವ ತಟ್ಟೆ, ಬಾಗಿದ ಕುತ್ತಿಗೆಯಂಥ ಒಂದು ಕೊಳವೆ, ಪಿನ್ನುಗಳನ್ನು ಇಡಲು ಮೂಲೆಯಲ್ಲೊಂದು ಪುಟ್ಟ ಗೂಡು. ಹ್ಯಾಂಡಲ್ಲನ್ನು ಮುಚ್ಚಳದ ಒಳಗಿನಿಂದ ಕಿತ್ತು, ಪಕ್ಕದ ತೂತಿಗೆ ತೂರಿಸಿ, ತಿರುಗಿಸಿ ಕೀಲಿ ಕೊಡಬೇಕು. ಕರೆಂಟು ಬೇಡ, ಸೆಲ್ಲು ಬೇಡ. ಒಂದು ಪ್ಲೇಟಿನ ಒಂದು ಮಗ್ಗುಲಿಗೆ ಒಂದು ಸಲ ಕೀಲಿ, ಒಂದು ಪಿನ್ನು. ಮೊದಲು ಬಾಣಲೆಯಲ್ಲಿ ಎಣ್ಣೆ ಕಾದಂತೆ ಚರಚರ, ಆಮೇಲೆ ಆ ಚರಚರದ ಹಿಂದಿನಿಂದ ಯಾರೋ ಹಾಡುತ್ತಾ ಬರುತ್ತಾರೆ. ಪಕ್ಕದ ಮನೆಯ ಜಗಲಿಯಲ್ಲಿ ಕೂತು ಹಾಡುತ್ತಿರುವ ಹಾಗೆ, ಅಷ್ಟು ಹತ್ತಿರ, ಅಷ್ಟು ದೂರ.

ಹಾಡು ಮೇಲಕ್ಕೆ ಏರುವ ಜಾಗ ಯಾವುದೆಂದು ಅಕ್ಕನಿಗೆ ಪ್ರತಿ ಪ್ಲೇಟಿನಲ್ಲೂ ಗೊತ್ತಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಎದುರಿಗಿದ್ದವರು ಕೈಯನ್ನು ಮರೆತಿರುತ್ತಿದ್ದರು. ಅಕ್ಕ ಹೆಬ್ಬೆರಳ ಬುಡವನ್ನು ಒಳಕ್ಕೆ ಒತ್ತಿ ಬಳೆಯನ್ನು ದಾಟಿಸಿಬಿಡುತ್ತಿದ್ದಳು. ಒಡೆದರೆ ಆ ಬಳೆ ಅವಳ ಲೆಕ್ಕಕ್ಕೆ. ತೊಡಿಸುವಾಗ ಒಡೆದದ್ದಕ್ಕೆ ಬಳೆಗಾರರು ದುಡ್ಡು ಕೇಳಬಾರದು, ಮುಖವನ್ನೂ ಸಿಂಡರಿಸಬಾರದು. ಅದು ನಮ್ಮ ಅಪ್ಪನ ಕಾಲದಿಂದ ಬಂದ ನೇಮ.

ನಾನು ಅವಳ ಬೆನ್ನಿಗೆ ಹುಟ್ಟಿದ ತಂಗಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಸೀರೆಗೆ ಫಾಲ್ ಹಚ್ಚುವುದು, ಅಂಚು ಹೊಲಿಯುವುದು ನನ್ನ ಕಸುಬು. ಬರೆಯುವುದು ರೂಢಿಯಿಲ್ಲ. ಅಕ್ಕನ ಬಗ್ಗೆ ಬರೆಯಬೇಕೆಂದು ಕೂತರೆ ಅವಳ ಕೈಗಳೇ ಮೊದಲು ಬರುತ್ತವೆ.

ಪೆಟ್ಟಿಗೆ ಅವಳಿಗೆ ಬಂದದ್ದು ಸಿದ್ದಾಪುರದ ಕಡೆಯ ಒಬ್ಬ ಅಮ್ಮನಿಂದ. ಅವರ ಮನೆಯ ಮದುವೆಗೆ ಬಳೆ ತೊಡಿಸಲು ಹೋದಾಗ ಅಟ್ಟ ಖಾಲಿ ಮಾಡುತ್ತಿದ್ದರಂತೆ. ಅಕ್ಕ ಕೆಲಸ ಬಿಟ್ಟು, ಅಲ್ಲಿಂದ ಇಳಿಸಿದ ಈ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು.

"ಎಂತದೆ ಹಂಗೆ ನೋಡ್ತೆ? ಬೇಕಾದ್ರೆ ತಗಂಡು ಹೋಗೆ ಮಾರಾಯ್ತಿ," ಎಂದರಂತೆ ಅಮ್ಮ. "ಇಲ್ಲಿ ಇಲಿ ಗೂಡು ಕಟ್ಟಿದ್ದು. ನಮ್ಮನೇಲಿ ಯಾರಿಗೂ ಇದ್ರ ತಿರುಗ್ಸ ತಾಳ್ಮೆ ಇಲ್ಲೆ."

ಅಕ್ಕ ಇಲಿಯ ಗೂಡನ್ನು ಅಲ್ಲೇ ಬಿಟ್ಟು ಪೆಟ್ಟಿಗೆಯನ್ನೂ ಒಂದು ಹೊರೆ ಪ್ಲೇಟುಗಳನ್ನೂ ತಂದಳು. ಹೆಚ್ಚಿನವು ಹಳೆಯ ಮರಾಠಿ ನಾಟಕದ ಹಾಡುಗಳು, ಕೆಲವು ಭಜನೆ, ಒಂದೆರಡು ಕನ್ನಡದ್ದು. ಪ್ಲೇಟು ಕೂಡ ಬಳೆಯ ಜಾತಿಯದೇ, ಕೈ ಜಾರಿದರೆ ಮುಗಿಯಿತು. ಬಳೆಯ ಹಾಗೆಯೇ ಹಳೆ ಸೀರೆಯಲ್ಲಿ ಸುತ್ತಿ ಇಡುತ್ತಿದ್ದಳು. ಪಿನ್ನಿಗಾಗಿ ಹುಬ್ಬಳ್ಳಿಯ ಹಳೆ ಸಾಮಾನಿನ ಓಣಿಗಳನ್ನು ಸುತ್ತುತ್ತಿದ್ದಳು.

ಎಡ ಹೆಗಲಿಗೆ ಬಳೆಯ ಗಂಟು, ಬಲಗೈಯಲ್ಲಿ ಪೆಟ್ಟಿಗೆ. ಯಲ್ಲಾಪುರ, ಸಿದ್ದಾಪುರ, ಬನವಾಸಿ, ಯಾವ ಬಸ್ಸಿನಲ್ಲೂ ಅವಳಿಗೆ ಪರಿಚಯದ ಕಂಡಕ್ಟರ್ ಇರುತ್ತಿದ್ದ. ಒಂದು ಸಲ ನಾನೂ ಜೊತೆಗಿದ್ದೆ. ಉಮ್ಮಚಗಿಯಲ್ಲಿ ಒಂದು ಸೀಮಂತಕ್ಕೆ ಹೋಗುತ್ತಿದ್ದೆವು.

"ಅಕ್ಕಾ, ಪೆಟ್ಟಿಗೆಗೆ ಲಗೇಜ್ ಆಗ್ತದೆ," ಎಂದ ಹೊಸ ಕಂಡಕ್ಟರ್.

"ಲಗೇಜ್ ಅಲ್ಲ ಮಾರಾಯ. ಒಳಗೆ ಒಬ್ಳು ಮರಾಠಿ ಬಾಯಿ ಕೂತು ಹಾಡ್ತಾಳೆ. ಮುದುಕಿ. ಹಾಫ್ ಟಿಕೆಟ್ ಕೊಡು."

"ಹಾಡಿಸಿ ತೋರ್ಸಿ, ಫ್ರೀ ಬಿಡ್ತೆ."

ಅವಳು ತೊಡೆಯ ಮೇಲೆ ಪೆಟ್ಟಿಗೆ ಬಿಚ್ಚಿ ಹಾಡಿಸಿಯೇ ಬಿಟ್ಟಳು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಪಿನ್ನು ಹಾರಿ ಹಾಡುವವಳು ಹೇಳಿದ್ದನ್ನೇ ಹೇಳುತ್ತಿದ್ದಳು. ಬಸ್ಸಿಗೆ ಬಸ್ಸೇ ನಕ್ಕಿತು. "ನಿಮ್ಮ ಬಾಯಿಗೆ ಮರೆವು ಜಾಸ್ತಿ," ಎಂದು ಕಂಡಕ್ಟರ್ ಹೇಳಿದ್ದಕ್ಕೆ, "ನಿನ್ನ ರಸ್ತೆಗೆ ತಗ್ಗು ಜಾಸ್ತಿ," ಎಂದಳು.

ಅಕ್ಕ ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಊರ ಹೆಂಗಸರ ಕೈಯೆಲ್ಲ ಹಿಡ್ದಾಯ್ತು, ಇನ್ನು ಗಂಡಸರದ್ದು ಎಂತಕ್ಕೆ," ಎನ್ನುತ್ತಿದ್ದಳು. ನಾನು ಮದುವೆಯಾದೆ, ಗಂಡನನ್ನು ಕಳೆದುಕೊಂಡೆ, ಬರಿಗೈಯಲ್ಲಿ ಶಿರಸಿಗೆ ಅವಳ ಮನೆಗೇ ಬಂದೆ. ಬರಿಗೈ ಎಂದರೆ ನಿಜವಾದ ಬರಿಗೈ. ನಮ್ಮಲ್ಲಿ ಗಂಡ ಸತ್ತವಳ ಬಳೆ ತೆಗೆಸುತ್ತಾರೆ. ಬಳೆಗಾರರ ಮನೆಯವರಾದ ನಮಗೆ ಅದು ಇನ್ನೂ ಗಟ್ಟಿ. ಗಂಡ ಸತ್ತವಳಿಗೆ ಬಳೆ ತೊಡಿಸಿದ ಬಳೆಗಾರನನ್ನು ಮರುದಿನ ಮದುವೆ ಮನೆಯವರು ಕರೆಯುವುದಿಲ್ಲ.

ಬಂದ ವಾರದಲ್ಲಿ ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಮನೆಯ ಮುಂದಿನ ತನ್ನ ಬಳೆ ಅಂಗಡಿಯಲ್ಲಿ, ಬಾಗಿಲು ತೆರೆದೇ ಇಟ್ಟು, ಎದುರಿಗೆ ಕೂರಿಸಿಕೊಂಡಳು. ಕೈ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು.

"ಬೇಡ ಅಕ್ಕ. ಜನ ನೋಡ್ತಾರೆ."

"ನೋಡ್ಲಿ ಅಂತ್ಲೇ ಬಾಗ್ಲು ತೆಗ್ದಿದ್ದು."

"ನಿನ್ನ ವ್ಯಾಪಾರ ಹೋಗ್ತದೆ."

"ಬಳೆ ನಂದು, ಕೈ ನಿಂದು. ನಡುವೆ ಊರಿನವರದು ಎಂತದು?"

ಪೆಟ್ಟಿಗೆಗೆ ಕೀಲಿ ಕೊಟ್ಟಳು. ಕಡುಹಸಿರು ಬಳೆಗಳು. ಅವತ್ತು ಒಂದೂ ಒಡೆಯಲಿಲ್ಲ. ನಾಲ್ಕಾರು ಮನೆಗಳು ಆಮೇಲೆ ಅವಳನ್ನು ಕರೆಯುವುದು ಬಿಟ್ಟವು. ಅವಳು ಆ ಮನೆಗಳ ಹೆಸರನ್ನು ಒಮ್ಮೆಯೂ ನನ್ನ ಮುಂದೆ ಎತ್ತಲಿಲ್ಲ.

ಇಂಥ ಅಕ್ಕನಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಎರಡು ವರ್ಷದ ಹಿಂದೆ ಅವಳ ಬಲಗೈ, ಬಲಗಾಲಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಮೆಲ್ಲಗೆ ತಿರುಗಿ ಬಂತು, ಕೈ ಬರಲಿಲ್ಲ. ಅಂಗಡಿ ಮುಚ್ಚಿದೆವು. ಮಂಚವನ್ನು ನನ್ನ ಹೊಲಿಗೆ ಯಂತ್ರದ ಪಕ್ಕಕ್ಕೆ ಹಾಕಿಕೊಂಡೆ. ಎತ್ತುವುದು, ಕೂರಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲ ನನ್ನದೇ. ಅದರಲ್ಲಿ ನನಗೆ ಬೇಸರ ಬಂದದ್ದಿಲ್ಲ. ಇದನ್ನು ಸುಳ್ಳಿಲ್ಲದೆ ಹೇಳುತ್ತಿದ್ದೇನೆ. ಬೇಸರ ಬಂದದ್ದು ಪೆಟ್ಟಿಗೆಯ ಮೇಲೆ.

ಸಂಜೆಯಾದರೆ ಅವಳಿಗೆ ಹಾಡು ಬೇಕು. ಎಡಗೈಯಲ್ಲಿ ತಾನೇ ಕೀಲಿ ಕೊಡಲು ನೋಡಿದಳು. ಹಿಡಿದುಕೊಳ್ಳಲು ಇನ್ನೊಂದು ಕೈಯಿಲ್ಲದೆ ಪೆಟ್ಟಿಗೆಯೇ ಸುತ್ತಿ ಮಂಚದ ಅಂಚಿಗೆ ಬಂತು. ಹಾಗಾಗಿ ನಾನೇ ಏಳಬೇಕು. ಯಂತ್ರ ನಿಲ್ಲಿಸು, ಏಳು, ಪಿನ್ನು ಬದಲಿಸು, ಕೀಲಿ ಕೊಡು, ಪ್ಲೇಟ್ ಹಾಕು, ಬಂದು ಕೂರು. ದಾರ ಪೋಣಿಸಿ ಒಂದು ಮೊಳ ಹೊಲಿಯುವಷ್ಟರಲ್ಲಿ ಹಾಡು ಮುಗಿಯುತ್ತದೆ. ಒಂದು ಹಾಡಿಗೆ ಇರುವುದೇ ಅಷ್ಟು ಆಯುಷ್ಯ.

"ಇನ್ನೊಂದು," ಎನ್ನುತ್ತಿದ್ದಳು ಮಂಚದಿಂದ.

ಮೊಬೈಲಿನಲ್ಲಿ ಹಾಕಿಕೊಡುತ್ತೇನೆ, ಅದು ತಾನಾಗಿ ಹಾಡುತ್ತದೆ ಎಂದೆ. ಹಾಕಿಯೂ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿದಳು. "ಇದು ಯಾರಿಗೂ ಕಾಯುದಿಲ್ಲ. ಸುಮ್ನೆ ಹರೀತದೆ, ನಲ್ಲಿ ನೀರಿನ ಹಂಗೆ," ಎಂದಳು. "ಪೆಟ್ಟಿಗೆಯಾದ್ರೆ ನೀ ಏಳ್ತೆ, ಬರ್ತೆ, ಮುಖ ತೋರಿಸ್ತೆ." ಆಗ ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಮದುವೆಯ ದಿನಗಳು. ಮಾರನೆಯ ದಿನಕ್ಕೆ ಕೊಡಬೇಕಾದ ಸೀರೆಗಳು ರಾಶಿ ಬಿದ್ದಿದ್ದವು. ಸಂಜೆಯಿಂದ ಎದ್ದು ಕೂತು, ಎದ್ದು ಕೂತು, ಒಂದು ಸೀರೆಯ ಫಾಲನ್ನು ತಿರುವುಮುರುವು ಹಚ್ಚಿಬಿಟ್ಟೆ. ಬಿಚ್ಚುತ್ತಾ ಕೂತಿದ್ದೆ.

"ಇನ್ನೊಂದು, ತಂಗಿ."

ಎದ್ದೆ. ಅವಳಿಗೆ ಬೆನ್ನು ಹಾಕಿ ಪೆಟ್ಟಿಗೆಯ ಮುಂದೆ ನಿಂತೆ. ಹ್ಯಾಂಡಲ್ ಮುಟ್ಟಲಿಲ್ಲ. "ಅಕ್ಕ, ಸ್ಪ್ರಿಂಗ್ ಮುರೀತು ಕಾಣ್ತದೆ," ಎಂದೆ. ಹೇಳಬೇಕೆಂದು ಯೋಚಿಸಿದ್ದಲ್ಲ. ಬಾಯಿಂದ ಬಂದುಬಿಟ್ಟಿತು.

ನಾನು ತಿರುಗಿ ನೋಡಿದೆ. ಅವಳ ಮುಖ ಸಣ್ಣದಾಗಿತ್ತು. ಆದರೂ ನನ್ನನ್ನೇ ಸಮಾಧಾನ ಮಾಡಿದಳು.

"ನೀ ಹೆದ್ರಬೇಡ. ನಿನ್ನ ಕೈಯಾಗೆ ಮುರಿದದ್ದು ಅಷ್ಟೆ, ಮುರಿಸಿದ್ದು ನಾನು. ಪೆಟ್ಟಿಗೆ ಮುದುಕೀನ ಎಷ್ಟು ದುಡಿಸ್ದೆ ಪಾಪ. ಕೈಯಾಗೆ ಒಡೆದದ್ದಕ್ಕೆ ಲೆಕ್ಕ ಇಲ್ಲ, ಬಿಡು."

ಆವತ್ತೇ ನಿಜ ಹೇಳಬಹುದಿತ್ತು. ಮದುವೆಯ ದಿನ ಮುಗಿಯಲಿ, ರಿಪೇರಿ ಮಾಡಿಸಿದೆ ಎಂದು ಹೇಳಿ ಮತ್ತೆ ಹಾಡಿಸುತ್ತೇನೆ ಎಂದುಕೊಂಡೆ. ದಿನಗಳು ಮುಗಿದವು. ನಾನು ಹಾಡಿಸಲಿಲ್ಲ. ಕಾರಣ ಇಷ್ಟೆ: ಹಾಡಿಲ್ಲದ ಸಂಜೆ ನನಗೆ ಹಿಡಿಸಿಬಿಟ್ಟಿತ್ತು. ಯಂತ್ರದ ಮುಂದೆ ಕೂತರೆ ಏಳಬೇಕಾಗಿರಲಿಲ್ಲ. ಅಕ್ಕ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ನಾನು ಸೀರೆ ನೋಡುತ್ತಿದ್ದೆ.

ಆದರೆ ಅವಳು ಸುಮ್ಮನಿರಲಿಲ್ಲ. ನೋಡಲು ಬಂದವರಿಗೆಲ್ಲ ಸ್ಪ್ರಿಂಗಿನ ವಿಷಯ ಹೇಳತೊಡಗಿದಳು. ಹಾಲು ತರುವವಳಿಗೆ, ಫಿಸಿಯೋಥೆರಪಿಗೆ ಬರುವ ಹುಡುಗಿಗೆ, ಸೀರೆ ಕೊಡಲು ಬಂದವರಿಗೆ. "ನಿಮ್ಮ ಕಡೆ ಹಳೆ ಪೆಟ್ಟಿಗೆ ಯಾರ ಮನೇಲಾದ್ರೂ ಇದ್ಯಾ? ಹಾಡದಿದ್ರೂ ಅಡ್ಡಿಲ್ಲ, ಸ್ಪ್ರಿಂಗ್ ಸರಿ ಇದ್ರೆ ಸಾಕು." ಸಿದ್ದಾಪುರದ ಅಮ್ಮನಿಗೆ ನನ್ನ ಕೈಯಲ್ಲೇ ಫೋನ್ ಹಚ್ಚಿಸಿದಳು. ಆ ಅಮ್ಮನಿಗೆ ಆಗಲೇ ಎಂಬತ್ತು ದಾಟಿತ್ತು. ಪೆಟ್ಟಿಗೆ ತಾನು ಕೊಟ್ಟದ್ದು, ಸರಿ ಮಾಡಿಸುವುದೂ ತನ್ನ ಜವಾಬ್ದಾರಿ ಎಂಬಂತೆ ಅವರು ತಮ್ಮ ನೆಂಟರ ಅಟ್ಟಗಳನ್ನೆಲ್ಲ ಹುಡುಕಿಸಿದರು. ಕೊನೆಗೆ ಒಂದು ದಿನ ಅವರದೇ ಫೋನ್ ಬಂತು. ಯಲ್ಲಾಪುರದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಹೊಲಿಗೆ ಯಂತ್ರ, ಗೋಡೆ ಗಡಿಯಾರ ಎಲ್ಲ ಸರಿ ಮಾಡುತ್ತಾನೆ, ಅವನ ಹತ್ತಿರ ಹಳೆಯ ಸ್ಪ್ರಿಂಗ್ ಇದೆ, ನಾಳೆ ಬರುತ್ತಾನೆ ಎಂದು.

ಅಕ್ಕನ ಮುಖ ಅರಳಿತು. ನಾನು ತಟ್ಟೆ ಸರಿಸಿ ಎದ್ದೆ.

ಆ ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದ ಮೇಲೆ ಪೆಟ್ಟಿಗೆಯನ್ನು ಅಡಿಗೆಮನೆಗೆ ಒಯ್ದೆ. ನಿಜ ಹೇಳುವ ಧೈರ್ಯ ಇರಲಿಲ್ಲ. ಹಾಗಾದರೆ ಸುಳ್ಳನ್ನೇ ನಿಜ ಮಾಡುವುದು. ಜಾಸ್ತಿ ಕೀಲಿ ಕೊಟ್ಟರೆ ಸ್ಪ್ರಿಂಗ್ ಮುರಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹ್ಯಾಂಡಲ್ ತೂರಿಸಿ ತಿರುಗಿಸಿದೆ. ಬಿಗಿಯಾಗುತ್ತಾ ಬಂತು. ಎರಡೂ ಕೈ ಹಾಕಿ, ಮೊಣಕಾಲಿನಿಂದ ಪೆಟ್ಟಿಗೆಯನ್ನು ಒತ್ತಿ ಹಿಡಿದು ತಿರುಗಿಸಿದೆ. ಕೊನೆಗೆ ಹ್ಯಾಂಡಲ್ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟಿತು. ಮುರಿಯಲಿಲ್ಲ. ಬೆವರು ಒರೆಸಿಕೊಂಡು, ಮುಚ್ಚಳ ಹಾಕಿ, ಮೊದಲಿದ್ದಲ್ಲೇ ತಂದಿಟ್ಟೆ. ಹ್ಯಾಂಡಲ್ ತಿರುಗುವುದೇ ಇಲ್ಲವಲ್ಲ, ಅದನ್ನೇ ಕೆಟ್ಟದ್ದು ಎಂದು ತಿಳಿಯುತ್ತಾನೆ ಎಂದುಕೊಂಡೆ. ನನ್ನ ತಿಳಿವಳಿಕೆ ಅಷ್ಟೇ.

ಮೆಕ್ಯಾನಿಕ್ ಬಂದ. ಮೂಲ ಮುಂಡಗೋಡದ ಕಡೆಯವನು, ಮಾತು ಬಯಲುಸೀಮೆಯದು. ನೆಲದ ಮೇಲೆ ಕೂತು ಹ್ಯಾಂಡಲ್ ಹಾಕಿ ಒಂದು ಸಲ ಒತ್ತಿ ನೋಡಿದ. ಅಷ್ಟಕ್ಕೇ ಬಿಟ್ಟ.

"ಅಕ್ಕಾರ, ಇದರದು ಸ್ಪ್ರಿಂಗ್ ಮುರಿದಿಲ್ರಿ. ಮುರಿದಿದ್ರ ಹ್ಯಾಂಡಲ್ ಗರಗರ ತಿರಗತೈತಿ, ಹಿಡತಾನ ಇರೂದಿಲ್ಲ. ಯಾರೋ ಗಟ್ಟಿ ಕೀಲಿ ಕೊಟ್ಟಿಟ್ಟಾರ. ನಿನ್ನಿ ಮನ್ನಿ ಕೊಟ್ಟಿರೇನು?"

ಮನೆಯಲ್ಲಿ ಕೀಲಿ ಕೊಡುವ ಕೈ ಇದ್ದದ್ದು ಒಬ್ಬಳಿಗೇ. ಅಕ್ಕ ನನ್ನ ಕಡೆ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಆಗಲೇ ಪೋಣಿಸಿದ್ದ ಸೂಜಿಗೆ.

"ಒಂದು ಪ್ಲೇಟ್ ಹಾಕು ತಮ್ಮಾ," ಎಂದಳು ಅವನಿಗೆ.

ನಿಲುಗಡೆಯ ಕಡ್ಡಿ ಸರಿಸಿದ. ಪ್ಲೇಟು ತಿರುಗಿತು. ಚರಚರದ ಹಿಂದಿನಿಂದ ಹಾಡುವವಳು ಬಂದಳು. ಒಂದು ಮಗ್ಗುಲು ಪೂರ್ತಿ ಹಾಡಿದಳು. ಅವನು ತಿರುವಿ ಹಾಕಿದ. ನಾನು ಕೊಟ್ಟಿದ್ದ ಕೀಲಿ ಇನ್ನೂ ಉಳಿದಿತ್ತು. ಅರ್ಧಕ್ಕೆ ಬಂದಾಗ ದನಿ ಜಗ್ಗತೊಡಗಿತು, ಹಾಡುವವಳಿಗೆ ನಿದ್ದೆ ಬಂದ ಹಾಗೆ. ಅವನು ಹ್ಯಾಂಡಲ್ಲಿಗೆ ಕೈ ಹಾಕಿದ.

"ಬಿಡು, ನಿಲ್ಲಲಿ," ಎಂದಳು ಅಕ್ಕ.

ಹಾಡು ದಪ್ಪಗಾಗುತ್ತಾ, ಗಂಡಸಿನ ದನಿಯಾಗುತ್ತಾ, ನರಳಿ ನಿಂತಿತು.

"ತಮ್ಮಾ, ಯಾರಾದ್ರೂ ಕೇಳಿದ್ರೆ ಹೊಸ ಸ್ಪ್ರಿಂಗ್ ಹಾಕ್ದೆ ಅಂತ ಹೇಳು."

"ಹಾಕಿಲ್ಲಲ್ರಿ ಅಕ್ಕಾರ?"

"ಹಾಕಿದ್ದೆ ಅಂತ ಹೇಳು ಮಾರಾಯ. ಸಿದ್ದಾಪುರದಮ್ಮಂಗೂ ಹಂಗೇ ಹೇಳು."

ಅವನು ನನ್ನನ್ನು ನೋಡಿದ. ಆಮೇಲೆ ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡ. ನಾನು ಚಹಾ ಮಾಡುತ್ತೇನೆ ಎಂದರೆ ಬೇಡ ಎಂದ.

ಓಣಿಯವರೆಲ್ಲ ಬಂದು "ಸ್ಪ್ರಿಂಗ್ ಸಿಕ್ಕಿತಂತಲ್ಲ," ಎಂದು ಸಂತೋಷಪಟ್ಟರು. ಅಕ್ಕ ಸೊಟ್ಟ ಬಾಯಲ್ಲಿ ನಕ್ಕು ಹೌದೆಂದಳು. ನಾನೂ ತಲೆಯಾಡಿಸಿದೆ.

ಅವತ್ತಿನಿಂದ ಅವಳು ಕೇಳುವ ಮೊದಲೇ ನಾನು ಕೀಲಿ ಕೊಡತೊಡಗಿದೆ. ಹೊಲಿಗೆಯನ್ನು ಬೆಳಗಿನ ಹೊತ್ತಿಗೆ ಹಾಕಿಕೊಂಡೆ, ಸಂಜೆ ಯಂತ್ರ ಮುಟ್ಟಲಿಲ್ಲ. ಎರಡು ಹಾಡಾದ ಮೇಲೆ ಅಕ್ಕ "ಸಾಕು, ನಿಂಗೆ ಕೆಲ್ಸ ಇದೆ," ಎನ್ನುತ್ತಿದ್ದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹಿಂದಿನಂತೆಯೇ ನಗುತ್ತಿದ್ದಳು, ಹಾಲಿನವಳನ್ನು ರೇಗಿಸುತ್ತಿದ್ದಳು. ನಾನು ಮಾತ್ರ ಅವಳ ಕಣ್ಣು ತಪ್ಪಿಸಿ ಉಣಿಸುತ್ತಿದ್ದೆ.

ಹೇಳಲು ಜಾಗ ಅವಳೇ ಮಾಡಿಕೊಟ್ಟಿದ್ದಳು. ಒಂದು ದಿನ ತಲೆ ಬಾಚುತ್ತಿದ್ದೆ.

"ಎಂತದೋ ಹೇಳ್ಬೇಕು ಅಂತ ಮಾಡಿದ್ದೀಯಲ್ಲೆ?"

"ಇಲ್ಲಕ್ಕ. ಗಂಜಿ ತರ್ಲಾ?"

"ತಾ," ಎಂದಳು.

ಇನ್ನೊಂದು ಸಲ ತನ್ನ ಎಡ ಅಂಗೈ ಚಾಚಿ, ಇಲ್ಲಿ ಕೈ ಇಡು ಎಂದಳು. ಇಟ್ಟೆ. ಭಾರ ನೋಡುತ್ತಿದ್ದಾಳೆಂದು ಗೊತ್ತಾಯಿತು. ಒಲೆಯ ಮೇಲೆ ಹಾಲಿದೆ ಎಂದು ಕೈ ಎಳೆದುಕೊಂಡು ಎದ್ದೆ. ಹಾಲಿರಲಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲು ಅಕ್ಕ ತೀರಿಕೊಂಡಳು. ಬೆಳಿಗ್ಗೆ ಎಬ್ಬಿಸಲು ಹೋದಾಗ ಆಗಿಹೋಗಿತ್ತು.

ಉತ್ತರಕ್ರಿಯೆಯ ದಿನದ ಊಟಕ್ಕೆ ಅವಳು ಬಳೆ ತೊಡಿಸಿದ ಮನೆಗಳವರು ಎಲ್ಲೆಲ್ಲಿಂದಲೋ ಬಂದರು. ಕರೆಯುವುದು ಬಿಟ್ಟಿದ್ದ ಮನೆಗಳವರೂ ಬಂದರು. ಬಂದವರೆಲ್ಲ ನನ್ನನ್ನು ಹೊಗಳುವವರೇ. ಹೊಟ್ಟೆಯ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದರು. ಸಂಜೆ ಸಂಜೆ ಹಾಡು ಹಾಕುತ್ತಿದ್ದಳು, ನಮಗೇ ಕೇಳುತ್ತಿತ್ತು ಎಂದರು ಪಕ್ಕದ ಮನೆಯವರು. ನಾನು ಬಡಿಸುತ್ತಾ ಹೋದೆ.

ಸಿದ್ದಾಪುರದ ಅಮ್ಮ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಹೊರಡುವ ಮೊದಲು ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.

"ಆ ಸ್ಪ್ರಿಂಗಿಗೆ ಆನು ಎಷ್ಟು ಅಟ್ಟ ಹುಡುಕ್ಸಿದ್ದಿ ಗೊತ್ತಿದ್ದ?" ಎಂದರು. "ಕಡೆಗಾದ್ರೂ ಸಿಕ್ಚು. ನಿನ್ನಕ್ಕ, ಪಾಪ ಕೂಸು, ಅಷ್ಟು ದಿನ ಹಾಡು ಕೇಳ್ಕತ್ತಾ ಇದ್ದಿತ್ತು ಹೇಳಿ ಮನಸ್ಸಿಗೆ ಸಮಾಧಾನ."

ಅವರು ನನ್ನ ಮೊಣಕೈ ಸವರುತ್ತಿದ್ದರು. ಇನ್ನು ತಡೆಯಲಾಗಲಿಲ್ಲ.

"ಅಮ್ಮ, ಸ್ಪ್ರಿಂಗ್ ಮುರಿದಿರ್ಲೇ ಇಲ್ಲ. ಏಳ್ಲಿಕ್ಕೆ ಬೇಸರ ಬಂದು ನಾನು ಸುಳ್ಳು ಹೇಳಿದ್ದೆ. ಅಕ್ಕನಿಗೆ ಗೊತ್ತಾಯ್ತು. ಅವಳು ಯಾರಿಗೂ ಹೇಳ್ಲಿಲ್ಲ."

ಅಮ್ಮನ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಹಗುರವಾಗುತ್ತದೆ ಎಂದೂ ಅಂದುಕೊಂಡಿದ್ದೆನೇನೋ. ಅವರು ಕೋಲು ಹುಡುಕಿಕೊಂಡು ಎದ್ದರು.

"ಯನ್ನ ಹತ್ರ ಹೇಳಿ ಎಂತ ಆತೆ? ಅವ್ಳ ಹತ್ರ ಹೇಳಕಾಗಿತ್ತು."